ಅಳುವ ಪೈಲವಾನಳೂ ಕಲ್ಲುಮೋತಿಯ ತಂದೆಯೂ

ಮನಸ್ಸಿನಲ್ಲಿ ಇದ್ದದ್ದನ್ನು ಮುಖದ ಮೇಲೆ ತೋರಿಸದಿರುವುದೇ ದೊಡ್ಡ ವಿದ್ಯೆ ಎಂದು ನಂಬಿದ ಕುಲದವನು ನಾನು. ಸಾಂಗಲಿ ಪೇಟೆಯಲ್ಲಿ ನಮ್ಮದು ಅರಿಷಿಣದ ವ್ಯಾಪಾರ. ನಮ್ಮಪ್ಪನ ಕಾಲದಲ್ಲಿ ರುಮಾಲಿನ ಕೆಳಗೆ ಬೆರಳು ಹಿಡಿದು ದರ ಹೇಳುತ್ತಿದ್ದರು. ಮೇಲೆ ಮೋತಿ, ಅಂದರೆ ಮುಖ, ಮಾತ್ರ ಕಲ್ಲು. ಈಗ ಕೂಗಿ ಸವಾಲು ನಡೆದರೂ ನಾನು ಆ ಪಾಠ ಬಿಟ್ಟಿಲ್ಲ. ಎಂಥ ಬಂಗಾರದಂಥ ಸರಕು ಕಂಡರೂ ಹಳಸಿದ ಅನ್ನ ಕಂಡವನಂತೆ ನಿಲ್ಲುತ್ತೇನೆ. ಮನೆಯಲ್ಲಿ ಮಾತ್ರ ಈ ವಿದ್ಯೆ ನಡೆಯುವುದಿಲ್ಲ. “ಚಾದಾಗ ಸಕ್ರಿ ಕಮ್ಮಿ ಆದ್ರ ನಿಮ್ಮ ಮೋತಿ ಮಿರಜ ತನಕ ಕಾಣಸ್ತದ,” ಎನ್ನುತ್ತಾಳೆ ಹೆಂಡತಿ.

ಇಂಥ ಮನೆತನದಲ್ಲಿ ಹುಟ್ಟಿದ ಮಗಳು ಲೀಲಾ ಕುಸ್ತಿ ಆಡುತ್ತಾಳೆ. ಆಡಲಿ, ಸಂತೋಷ. ಆದರೆ ಪ್ರತಿ ಕುಸ್ತಿಗೂ ಮೊದಲು ಗೊಳೋ ಎಂದು ಅಳುತ್ತಾಳೆ! ಮಿರಜಿನಲ್ಲಿ ಜಿಲ್ಲಾ ತಂಡದ ಆಯ್ಕೆ ಇತ್ತು. ಸೋತರೆ ಅವಳ ವರ್ಷವೇ ಹೋದಂತೆ. ಮೊಬೈಲಿನಲ್ಲಿ ಮನೋಬಲದ ಭಾಷಣ ಕೇಳಿ ಕೇಳಿ ನಾನಾಗಲೇ ಅರ್ಧ ಮನೋವೈದ್ಯನಾಗಿದ್ದೆ. ಕುಸ್ತಿ ಕಲಿಸುವ ವಸ್ತಾದ, “ಕಾಕಾ, ಅಳಲಿ ಬಿಡ್ರಿ. ಅತ್ತ ಮ್ಯಾಲನ ಅಕಿ ಕೈ ಬಿಗಿ ಆಗ್ತಾವು,” ಎಂದ. ಗುದ್ದಾಡಲು ಕಲಿಸುವವನಿಗೆ ಮನಸ್ಸಿನ ಸುದ್ದಿ ಏನು ಗೊತ್ತು? “ಕಣ್ಣಾಗ ಒಂದು ಹನಿ ಬರಬಾರದು ನೋಡವ್ವಾ, ಎದುರಿನಾಕಿಗೆ ನಿನ್ನ ಮನಸು ತಿಳೀಬಾರದು,” ಎಂದು ಮಗಳಿಗೆ ಆಣೆ ಹಾಕಿದೆ.

ಲೀಲಾ ಅಳಲಿಲ್ಲ. ತುಂಬಿದ ಚೀಲದಂತೆ ನಿಂತಳು. ಎದುರಾಳಿ, ಕಸಬೆ ಡಿಗ್ರಜ ಊರಿನ ಹುಡುಗಿ, ಅವಳನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಉರುಳಿಸಿ ಅಂಕ ಬಾಚಿಕೊಂಡಳು. ನಡುವಿನ ಬಿಡುವಿನಲ್ಲಿ ಕಣದ ಅಂಚಿಗೆ ನನ್ನ ಬಳಿ ಬಂದ ಲೀಲಾಳ ಗಲ್ಲ ನಡುಗುತ್ತಿತ್ತು.

“ಪಪ್ಪಾ, ಈಗರ ಅಳ್ಲೇನ್ರಿ?”

“ಅಳು ನನ್ನವ್ವಾ, ಅಳು!”

ಅತ್ತಳು ನೋಡಿ, ಕುಸ್ತಿಯ ತೀರ್ಪು ಕೊಡುವ ಪಂಚರೂ ತಿರುಗಿ ನೋಡುವಂತೆ! ಮೂಗು ಒರೆಸಿಕೊಂಡು ಹೋದವಳೇ ಆ ಹುಡುಗಿಯ ಕಾಲು ಹಿಡಿದೆತ್ತಿ ಬೆನ್ನು ನೆಲಕ್ಕೆ ಹಚ್ಚಿಬಿಟ್ಟಳು. ಪಂಚರು ಅವಳ ಕೈ ಎತ್ತಿದ್ದು ನನಗೆ ಸರಿಯಾಗಿ ಕಾಣಲೇ ಇಲ್ಲ; ಬಿಕ್ಕಿ ಬಿಕ್ಕಿ ಅಳುತ್ತಿದ್ದೆ. ಆಗಷ್ಟೇ ಬಂದು ಪಕ್ಕದಲ್ಲಿ ಕೂತ ಲಿಂಗನೂರಿನ ಹಿರಿಯರೊಬ್ಬರು ಬೆನ್ನು ಸವರಿದರು.

“ಇರ್ಲಿ ಬಿಡ್ರಿ ಸಾವಕಾರ್ರ, ಸೋಲು ಗೆಲುವು ಇದ್ದದ್ದ. ಮುಂದಿನ ವರ್ಷ ಗೆಲ್ತಾಳ.”

“ಸೋತಿಲ್ರೀ! ಗೆದ್ದಾಕಿನ ನನ್ನ ಮಗಳು!”

ಅವರು ನನ್ನ ಮೋತಿಯನ್ನೇ ದಿಟ್ಟಿಸಿ ನೋಡಿದರು. “ಹೌದ್ರಿ ಹೌದ್ರಿ, ಗೆದ್ದಾಳ ಬಿಡ್ರಿ,” ಎಂದು ಮೆಲ್ಲಗೆ ಸಮಾಧಾನ ಮಾಡಿ, ಆಚೆ ಬದಿಯವರ ಕಡೆ ಬಾಗಿ ಪಿಸುಗುಟ್ಟಿದರು: “ಪಾಪ, ಭಾಳ ಮನಸ್ಸಿಗೆ ಹಚ್ಚಿಕೊಂಡಾರ. ಒಂದೀಟು ನೀರು ತರಸ್ರಿ.”