ಬ್ರೌಸರಿನ ಬಾಲಂಗೋಚಿಗಳು

ಕಿಬ್ಬನಹಳ್ಳಿಯಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ ನನ್ನದು. ಯಾರಾದರೂ ಒಳ್ಳೆಯದು ಎಂದರೆ ಸಾಕು, ಬ್ರೌಸರಿಗೆ ಒಂದು ಎಕ್ಸ್‌ಟೆನ್ಶನ್ ಸೇರಿಸಿಬಿಡುವ ಚಟ ನನಗೆ. ಇಂಥ ಬಾಲಂಗೋಚಿ ಅಂಟಿಸಿದಾಗಲೆಲ್ಲ ಅಂಗಡಿಯಲ್ಲಿ ಏನಾದರೊಂದು ಆಗದೆ ಇರುವುದಿಲ್ಲ.

ಒಣಗದ ಅರ್ಜಿ

ಜಾಹೀರಾತು ತಡೆಯಲೆಂದು ಒಂದನ್ನು ಹಾಕಿದ್ದೆ. ಅರ್ಜಿಯಲ್ಲಿ ತಪ್ಪಿದ್ದರೆ ಬರುವ ಎಚ್ಚರಿಕೆಯನ್ನೂ ಅದು ಜಾಹೀರಾತೆಂದೇ ನುಂಗುತ್ತಿತ್ತು. ಇದು ನನಗೆ ಆಮೇಲೆ ಗೊತ್ತಾಯಿತು. ದಂಡಿನಶಿವರದ ತೋಟದ ಯಜಮಾನರೊಬ್ಬರು ಹನಿ ನೀರಾವರಿ ಸಬ್ಸಿಡಿಗೆಂದು ಬಂದರು. 'ಸಲ್ಲಿಸಿ' ಒತ್ತಿದೆ, ಪುಟ ಅಲ್ಲಾಡಲಿಲ್ಲ. ಮತ್ತೆ ಮತ್ತೆ ಒತ್ತಿದೆ.

"ಯಾಕಪ್ಪ ಹಂಗೆ ಕುಟ್ತೀಯ? ಅಟ್ಟದ ಮೇಲಿನ ಕಾಯಿನ ದಿನಾ ಒಡೆದು ನೋಡ್ತೀವಾ? ಒಣಗಿ ಕೊಬ್ಬರಿ ಆಗೋಗಂಟ ಮುಟ್ಟಂಗಿಲ್ಲ. ಬುಡು, ತಾನೇ ಹೋಯ್ತದೆ."

ಬಿಟ್ಟೆವು. ಸಂಜೆ ಬಂದು ಪರದೆಯನ್ನೊಮ್ಮೆ ನೋಡಿದರು. "ಇನ್ನೂ ಹಸಿ ಐತೆ" ಎಂದು ಬಸ್ಸು ಹತ್ತಿದರು.

ತಪ್ಪು ಸಿಗದ ಅಂಗಡಿ

ಅದನ್ನು ಕಿತ್ತು, ಕಣ್ಣಿಗೆ ಹಿತವೆಂದು ಪರದೆಯನ್ನು ಕಪ್ಪು ಮಾಡುವ ಇನ್ನೊಂದನ್ನು ಹಾಕಿದೆ. ತಪ್ಪು ತಿಳಿಸುವ ಕೆಂಪಕ್ಷರಗಳೂ ಕಪ್ಪಾಗಿ ಅದರಲ್ಲೇ ಕರಗಿಹೋದವು. ಅಂಗನವಾಡಿ ಕೆಲಸಕ್ಕೆ ಅರ್ಜಿ ಹಾಕಲು ಬಂದಿದ್ದ ಹೆಂಗಸಿಗೆ, "ತಪ್ಪೇನೂ ಕಾಣ್ತಿಲ್ಲ ಕಣಕ್ಕ, ಆದ್ರೂ ಹೋಗ್ತಿಲ್ಲ" ಎಂದೆ. ಆಕೆ ಎದುರಿನ ಅಂಗಡಿಗೆ ಹೋಗಿ ರಸೀದಿ ಹಿಡಿದೇ ವಾಪಸ್ ಬಂದರು.

"ಅವ್ರ ಅಂಗಡೀಲಿ ತಪ್ಪುಗಳು ಚೆನ್ನಾಗಿ ಸಿಗ್ತವೆ ಕಣಪ್ಪ. ನೀನೂ ಅಂಥವು ತರಿಸು."

ಗಟ್ಟಿ ದನಿ

ಕಣ್ಣು ಮಂಜಾದವರಿಗೆ ಅನುಕೂಲವಾಗಲಿ ಎಂದು, ಪರದೆಯಲ್ಲಿ ಬಂದದ್ದನ್ನು ಓದಿ ಹೇಳುವ ಬಾಲಂಗೋಚಿಯನ್ನೂ ಅಂಟಿಸಿದೆ. ಆ ವಾರವೇ ಕೊಬ್ಬರಿ ವ್ಯಾಪಾರಿಯೊಬ್ಬ ತಾನು ಮದುವೆಯಾಗಲಿದ್ದ ಹುಡುಗಿಯ ತಂದೆಯ ಜೊತೆ ಬಂದ. ಸಾಮೂಹಿಕ ಮದುವೆಗೆ ಹೆಸರು ಬರೆಸಬೇಕಿತ್ತು. ಮಾತುಕತೆ ಮುಗಿದಿದ್ದರೂ ತಾಂಬೂಲ ಇನ್ನೂ ಬದಲಾಗಿರಲಿಲ್ಲ, ಸಣ್ಣದೊಂದು ಮಾತಿಗೂ ಸಂಬಂಧ ಮುರಿಯುವ ಹೊತ್ತು.

ಗಂಡು ತನಗೆ ಮೂವತ್ತೆರಡು ಎಂದ. ಹುಡುಗಿಗೆ ಇಪ್ಪತ್ತಾರು ಎಂದರು ತಂದೆ. ಇಬ್ಬರೂ ಹೇಳಿದ ಆಧಾರ್ ನಂಬರು, ಹುಟ್ಟಿದ ದಿನಗಳನ್ನು ತುಂಬಿ 'ಸಲ್ಲಿಸಿ' ಒತ್ತಿದೆ.

ಯಂತ್ರ ಬಸ್‌ಸ್ಟ್ಯಾಂಡಿಗೆಲ್ಲ ಕೇಳುವಂತೆ ಕೂಗಿತು: "ವರನ ಹುಟ್ಟಿದ ದಿನಾಂಕ ಆಧಾರ್‌ಗೆ ಹೊಂದುತ್ತಿಲ್ಲ. ದಯವಿಟ್ಟು ಸರಿಯಾದ ದಿನಾಂಕ ನಮೂದಿಸಿ."

ಗಂಡಿನ ಮುಖ ಬಿಳಿಚಿತು. "ಮಿಷನ್ ಕೆಟ್ಟೈತೆ ಕಣ್ರೀ ಯಜಮಾನ್ರೇ" ಎಂದ.

"ವಯಸ್ಸು ಕದಿಯೋನಿಗೆ ಹೆಣ್ಣು ಕೊಡೋದಾ? ಸುಳ್ಳು ಅಂದ್ರೆ ನಮ್ಮ ವಂಶಕ್ಕೇ ಆಗಲ್ಲ!" ಎಂದು ತಂದೆ ಟವೆಲ್ ಕೊಡವಿ ಎದ್ದರು. ನನ್ನಿಂದಾಗಿ ಒಂದು ಮದುವೆ ನಿಂತುಹೋಯಿತಲ್ಲ ಎಂದು ನನಗೆ ಅಳುವೇ ಬಂತು.

ಅವರು ಹೊಸ್ತಿಲು ದಾಟುವಷ್ಟರಲ್ಲಿ ಯಂತ್ರ ಮುಂದಿನ ಸಾಲಿಗೆ ಬಂತು.

"ವಧುವಿನ ಹುಟ್ಟಿದ ದಿನಾಂಕ ಆಧಾರ್‌ಗೆ ಹೊಂದುತ್ತಿಲ್ಲ."

ಎತ್ತಿದ ಕಾಲು ಅಲ್ಲೇ ನಿಂತಿತು. ತಂದೆ ನಿಧಾನವಾಗಿ ಬಂದು ಮತ್ತೆ ಬೆಂಚಿನ ಮೇಲೆ ಕೂತರು.

"ಕೆಟ್ಟೈತೆ ಕಣಪ್ಪ, ಮಿಷನ್ನು," ಎಂದರು. "ಅಳಿಯಂದ್ರು ಆಗಲೇ ಹೇಳಿದ್ರು, ನಾನೇ ಕೇಳಲಿಲ್ಲ."