ಸರ್ಕಲ್ಲಿನ ಮುಂದಿನ ಕಂಬ

ಫ್ಲೆಕ್ಸ್ ಕಟ್ಟುವವನ ಬದುಕಿನಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಶಿರಸಿಯಲ್ಲಿ ನನ್ನದೊಂದು ಫ್ಲೆಕ್ಸ್ ಅಂಗಡಿ. ಸಿದ್ದಾಪುರ, ಯಲ್ಲಾಪುರದ ಸರ್ಕಲ್ಲುಗಳಿಗೂ ನಾನೇ ಏಣಿ ಹೊತ್ತು ಹೋಗುತ್ತೇನೆ. ಊರವರ ಹೊಟ್ಟೆಕಿಚ್ಚಿನಿಂದಲೇ ನನ್ನ ಅಂಗಡಿ ನಡೆಯುತ್ತದೆ. ಆದರೆ ನನ್ನ ಹೊಟ್ಟೆಕಿಚ್ಚಿಗೆ ಮದ್ದಿಲ್ಲ. ಅದಕ್ಕೆ ಕಾರಣ ಎದುರಿನ ಫ್ಲೆಕ್ಸ್ ಅಂಗಡಿಯವನು. ನಮ್ಮ ಶಿರಸಿ ಸರ್ಕಲ್ಲಿನಲ್ಲಿ ಬಸ್ಸಿಳಿದವರ ಕಣ್ಣಿಗೆ ಮೊದಲು ಬೀಳುವ ಮುಂದಿನ ಕಂಬ ಯಾವಾಗ ನೋಡಿದರೂ ಅವನದೇ. ನನಗೆ ಸಿಗುವುದು ಗಟಾರದ ಕಡೆ ಮುಖ ಮಾಡಿದ ಹಿಂದಿನ ಕಂಬ. ಊರವರ ಮುಖವನ್ನೆಲ್ಲ ಪ್ರಿಂಟ್ ಹಾಕಿದ ನನ್ನ ಮುಖ ಒಂದು ದಿನವಾದರೂ ಆ ಮುಂದಿನ ಕಂಬದಲ್ಲಿ ಬರಬೇಕು, ಅಷ್ಟೇ ನನ್ನಾಸೆ.

ತಮ್ಮನ ಶುಭಾಶಯ

ಸಿದ್ದಾಪುರದ ಒಬ್ಬರು ಸೊಸೈಟಿಗೆ ನಿರ್ದೇಶಕರಾದರು. ಅಭಿನಂದನೆಯ ಫ್ಲೆಕ್ಸ್ ಮಾಡಿಸಲು ಅವರ ತಮ್ಮ ಬಂದ. ಡಿಸೈನ್ ನೋಡಿ ಮುಖ ಗಂಟಿಕ್ಕಿದ.

"ಅಣ್ಣನ ಫೋಟೋ ಅಷ್ಟು ದೊಡ್ಡ, ಎನ್ನದು ಇಷ್ಟು ಸಣ್ಣಕ್ಕಾ?"

"ಗೆದ್ದವರು ಅವರಲ್ಲವಾ?"

"ಅಭಿನಂದನೆ ಹೇಳದು ಆನು! ಆನೇ ಕಾಣದಿಲ್ಲೆ ಅಂದ್ರೆ ಎಂತಾ ಪ್ರಯೋಜನ?"

ಹಿಗ್ಗಿಸಿದೆ. ಇನ್ನೂ ಸ್ವಲ್ಪ ಎಂದ, ಇನ್ನೂ ಹಿಗ್ಗಿಸಿದೆ. ಕಡೆಗೆ ಅಣ್ಣ ಸ್ಟಾಂಪಿನಷ್ಟಾಗಿ ಮೂಲೆ ಸೇರಿದ. ಫ್ಲೆಕ್ಸ್ ಕಟ್ಟಿದ ದಿನ ಸರ್ಕಲ್ಲಿನಲ್ಲಿ ಜನ ತಮ್ಮನ ಕೈ ಕುಲುಕಿದ್ದೇ ಕುಲುಕಿದ್ದು.

ಮಾರನೇ ದಿನ ಅಣ್ಣ ಅಂಗಡಿಗೆ ಬಂದರು. ಬೈಯುತ್ತಾರೆಂದು ನಾನು ಕುರ್ಚಿ ಬಿಟ್ಟೆದ್ದೆ. ಅವರು ಸಮಾಧಾನದಿಂದ ಕುಳಿತು ಆರ್ಡರ್ ಕೊಟ್ಟರು: "ಅಭಿನಂದನೆ ಹೇಳಿದ ತಮ್ಮಂಗೆ ಧನ್ಯವಾದ ಹೇಳಿ ಒಂದು ಫ್ಲೆಕ್ಸ್ ಮಾಡು. ಧನ್ಯವಾದ ಹೇಳೋರ ಫೋಟೋ ದೊಡ್ಡ ಇರ್ಲಿ. ತಮ್ಮಂದು ಹಾಕದೇ ಇದ್ರೂ ಅಡ್ಡಿಲ್ಲೆ."

ಅಂಕೋಲೆಗೆ ಹೋದ ಪ್ರಚಾರ

ಯಲ್ಲಾಪುರದ ಸರ್ಕಲ್ಲಿನಲ್ಲಿ ಯಕ್ಷಗಾನದ ಬ್ಯಾನರನ್ನು ರಸ್ತೆಗೆ ಅಡ್ಡಲಾಗಿ ಕಟ್ಟಿದ್ದೆ. ಹುಬ್ಬಳ್ಳಿ ಕಡೆಯಿಂದ ಹುಲ್ಲು ತುಂಬಿಕೊಂಡು ಬಂದ ಲಾರಿಯೊಂದು ಅದನ್ನು ತಲೆಯ ಮೇಲೆ ಹೊದ್ದುಕೊಂಡು ಘಟ್ಟ ಇಳಿದುಬಿಟ್ಟಿತು.

ಸಂಘಟಕರು ಫೋನಿನಲ್ಲೇ ಕೂಗಾಡಿದರು. "ಬ್ಯಾನರ್ ಎಲ್ಲೈತ್ರಿ? ಬರೇ ಹಗ್ಗ ನೋಡಿ ಜನ ಆಟಕ್ಕೆ ಬರ್ತಾರೇನ್ರಿ?"

ಆದರೆ ಆಟದ ದಿನ ಅಂಕೋಲೆಯಿಂದ ಎರಡು ಟೆಂಪೊ ತುಂಬ ಜನ ಬಂದಿಳಿದರು. ಲಾರಿಯ ಮೇಲೆ ಬ್ಯಾನರ್ ನೋಡಿದೆವು ಅಂದರು. ಸಂಘಟಕರು ನನಗೆ ಶಾಲು ಹೊದಿಸಿ, "ಹೊಸಾ ನಮೂನಿ ಪ್ರಚಾರ ಮಾಡೀರಿ ಬಿಡ್ರಿ" ಎಂದು ಬೆನ್ನು ತಟ್ಟಿದರು. ನಾನು ಗಂಭೀರವಾಗಿ ತಲೆಯಾಡಿಸಿದೆ.

ಎದುರಿನ ಅಂಗಡಿಯವನಿಗೆ ಇದು ತಡೆಯಲಾಗಲಿಲ್ಲ. ಮುಂದಿನ ವಾರ ಅದೇ ಜಾಗದಲ್ಲಿ, ಲಾರಿಗೆ ಸಿಗಲೆಂದೇ ತಗ್ಗಿಸಿ ಒಂದು ಬ್ಯಾನರ್ ಕಟ್ಟಿದ. ಸಿಕ್ಕಿದ್ದು ಪೊಲೀಸ್ ಜೀಪಿಗೆ. ಅದು ಠಾಣೆಗೆ ಹೋಯಿತು, ಹಿಂದೆಯೇ ಅವನೂ ಹೋದ. ಆ ದಿನ ನಾನು ಎರಡೆರಡು ಸಲ ಊಟ ಮಾಡಿದೆ.

ಒಂಟಿ ಮುಖ

ನನ್ನ ಸಂತೋಷ ಬಹಳ ದಿನ ಉಳಿಯಲಿಲ್ಲ. ಯಾವುದೋ ಯುವಕ ಸಂಘ ಎದುರಿನ ಅಂಗಡಿಯವನಿಗೆ ಸನ್ಮಾನ ಮಾಡಿತು. ಮುಂದಿನ ಕಂಬದಲ್ಲಿ ಪೇಟ ಸುತ್ತಿಕೊಂಡು, ಹಲ್ಲು ಕಿರಿದುಕೊಂಡು ಅವನೇ! ಹೊಟ್ಟೆಯೊಳಗೆ ಒಣಮೆಣಸು ಹುರಿದ ಹಾಗಾಯಿತು.

ನನ್ನ ಹುಟ್ಟುಹಬ್ಬ ಹತ್ತಿರವಿತ್ತು. ನನ್ನ ಫ್ಲೆಕ್ಸ್ ನಾನೇ ಮಾಡಿದೆ. ಶುಭ ಕೋರುವವರ ಸಾಲಿನಲ್ಲಿ ಹಾಕಲು ಒಬ್ಬರೂ ಸಿಗಲಿಲ್ಲ. ಹೆಂಡತಿಯನ್ನು ಕೇಳಿದರೆ, "ಎನ್ನ ಮುಖ ಸರ್ಕಲ್ಲಲ್ಲಿ ನೇತು ಹಾಕಿದ್ರೆ ನೋಡಿ ಮತ್ತೆ" ಅಂದಳು. ಆ ಖಾಲಿ ಜಾಗವೂ ನನಗೇ ಇರಲಿ ಎಂದು ಮುಖ ದೊಡ್ಡದು ಮಾಡಿ, ಸುತ್ತ ಹೂವಿನ ಹಾರ, ಅಕ್ಕಪಕ್ಕ ದೀಪ ಇಟ್ಟೆ. ಸಂಜೆ ಹಿಂದಿನ ಕಂಬಕ್ಕೆ ಕಟ್ಟಿ ಬಂದೆ.

ನಮ್ಮ ಸರ್ಕಲ್ಲಿನಲ್ಲಿ ಬೈಕಿನಲ್ಲಿ ಹೋಗುವವರು ಅಕ್ಷರ ಓದುವುದಿಲ್ಲ, ಮುಖ ಎಣಿಸುತ್ತಾರೆ. ಕೆಳಗೆ ಸಾಲುಸಾಲು ಮುಖವಿದ್ದರೆ ಹುಟ್ಟುಹಬ್ಬ. ಒಂದೇ ಮುಖವಿದ್ದರೆ ಶ್ರದ್ಧಾಂಜಲಿ. ಇಷ್ಟು ವರ್ಷ ಈ ಕೆಲಸ ಮಾಡಿಯೂ ಹೊಟ್ಟೆಕಿಚ್ಚಿನಲ್ಲಿ ನನಗೆ ಅದು ಹೊಳೆಯಲೇ ಇಲ್ಲ.

ಬೆಳಿಗ್ಗೆ ಪಕ್ಕದ ಮನೆಯಾಕೆ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಇವತ್ತು ಅಡುಗೆ ಮಾಡದು ಬ್ಯಾಡ, ಆನೇ ಮಾಡಿ ತಂದೆ" ಎಂದು ಹೆಂಡತಿಯ ಕೈ ಹಿಡಿದು ಅತ್ತರು. ಒಳಗಿಂದ ಹಲ್ಲುಜ್ಜುತ್ತಾ ಬಂದ ನನ್ನನ್ನು ಕಂಡು ಅಳು ನಿಲ್ಲಿಸಿ, "ಹಾಂಗಾರೆ ಇದನ್ನ ವಾಪಸ್ ತಗಂಡ್ ಹೋಗ್ತೆ" ಎಂದು ಹೊರಟೇಬಿಟ್ಟರು.

ಸರ್ಕಲ್ಲಿಗೆ ಓಡಿದೆ. ಎದುರಿನ ಅಂಗಡಿಯವನು ತನ್ನ ಸನ್ಮಾನದ ಫ್ಲೆಕ್ಸನ್ನು ಕಿತ್ತು ಮಡಚಿಟ್ಟಿದ್ದ. ಮುಂದಿನ ಕಂಬದಲ್ಲಿ ನಾನಿದ್ದೆ! "ಭಾವಪೂರ್ಣ ಶ್ರದ್ಧಾಂಜಲಿ" ಎಂಬ ದಪ್ಪ ಅಕ್ಷರದ ಮೇಲೆ, ನಾನು ಮಾಡಿದ್ದಕ್ಕಿಂತ ಎರಡು ಪಟ್ಟು ದೊಡ್ಡದಾಗಿ. ಬಣ್ಣವೂ ನನ್ನದಕ್ಕಿಂತ ಚೆನ್ನಾಗಿ ಬಂದಿತ್ತು. ಅಂಥಾ ಹೊತ್ತಿನಲ್ಲೂ ಅದಕ್ಕೆ ಹೊಟ್ಟೆ ಉರಿಯಿತು.

ಏಣಿಯ ಮೇಲೆ ಕೊನೆಯ ಗಂಟು ಹಾಕುತ್ತಿದ್ದ ಅವನು ನನ್ನನ್ನು ಕಂಡದ್ದೇ ಕಂಬ ತಬ್ಬಿಕೊಂಡು, ಆಮೇಲೆ ಇಳಿದು ಬಂದು ನನ್ನನ್ನು ಮುಟ್ಟಿ ಮುಟ್ಟಿ ನೋಡಿದ. ಕಣ್ಣು ಕೆಂಪಾಗಿತ್ತು. "ಯಾರೋ ಹೇಳಿದ್ರು, ನಂಬಿಬಿಟ್ಟೆ ಮಾರಾಯಾ. ತಪ್ಪಾತು. ಈಗ್ಲೇ ಇಳಿಸ್ತೆ" ಎಂದು ಮತ್ತೆ ಏಣಿಗೆ ಕಾಲಿಟ್ಟ.

ಅಷ್ಟರಲ್ಲಿ ಹುಬ್ಬಳ್ಳಿ ಬಸ್ಸು ಬಂದು ನಿಂತಿತು. ಇಳಿದವರೆಲ್ಲ ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದರು.

ನಾನು ಅವನ ಅಂಗಿ ಹಿಡಿದೆಳೆದೆ. "ಸಂಜೆವರೆಗೆ ಇರ್ಲಿ ಬಿಡೋ."