ನಮ್ಮ ಪ್ರಯೋಗಾಲಯ ಕಂಪ್ಲೀಟ್ ಆದ ಬಗೆ

ಇದು ೧೯೭೯ರ ಜೂನ್‌ನಿಂದ ಆಗಸ್ಟ್‌ವರೆಗೆ ನಡೆದದ್ದು. ಇಂಥವು ನಮ್ಮ ಕಡೆ ಈಗಲೂ ನಡೆಯುತ್ತಲೇ ಇವೆ. ಬರೆದಿಡುವವರು ಕಡಿಮೆ, ಅಷ್ಟೆ.

ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ನಾನು ಗುರುವಾಯನಕೆರೆಯ ಹತ್ತಿರದ ಒಂದು ಖಾಸಗಿ ಹೈಸ್ಕೂಲಿಗೆ ತಾತ್ಕಾಲಿಕ ವಿಜ್ಞಾನ ಶಿಕ್ಷಕನಾಗಿ ಸೇರಿದ್ದೆ. ಹೆಡ್‌ಮಾಸ್ಟರು ಮೊದಲ ದಿನವೇ ಷರತ್ತು ಹೇಳಿದರು. ಆಗಸ್ಟಿನಲ್ಲಿ ಇಲಾಖೆಯ ಅಧಿಕಾರಿ ತಪಾಸಣೆಗೆ ಬರುತ್ತಾರೆ. ಅಷ್ಟರೊಳಗೆ ಪ್ರಯೋಗಾಲಯ ತಯಾರಾದರೆ ನನ್ನ ಹುದ್ದೆ ಖಾಯಂ. ಇಲ್ಲದಿದ್ದರೆ ನಾನು ನಮ್ಮೂರು ನೆರಿಯಕ್ಕೆ ವಾಪಸ್. ಅಲ್ಲಿ ಅಣ್ಣ ರಬ್ಬರ್ ಮರ ಗೀರುವ ಕತ್ತಿಯೊಂದನ್ನು ನನಗಾಗಿಯೇ ಹೆಚ್ಚಿಗೆ ತಂದಿಟ್ಟಿದ್ದ. "ನಿನ್ನ ಓದು ಪೂರಾ ಆಯ್ತಲ್ಲ, ಇನ್ನು ಕೆಲಸ ಕಲಿಯುವ" ಎನ್ನುತ್ತಿದ್ದ.

ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಮಾತಾಡುವ ನಮ್ಮವರು ಒಂದು ವಿಷಯ ಖಚಿತ ಎಂದು ತೋರಿಸಬೇಕಾದಾಗ ಇಂಗ್ಲಿಷಿಗೆ ಹೋಗುತ್ತಾರೆ. 'ಸುಮಾರು', 'ಮುಕ್ಕಾಲು ಪಾಲು' ಎಂಬ ಒಳ್ಳೆಯ ಮಾತುಗಳಿದ್ದರೂ ಯಾರಿಗೂ ಬೇಡ. ಪ್ರಯೋಗಾಲಯದ ಕೆಲಸಕ್ಕೆ ಇಳಿದ ಮೇಲೆ ನನಗೆ ಇದು ಗೊತ್ತಾಯಿತು.

ಫುಲ್

ಮೂಡುಬಿದಿರೆಯ ಕಾಲೇಜೊಂದು ತನ್ನ ಹಳೆಯ ಬೀಕರು, ಫ್ಲಾಸ್ಕು, ಪ್ರನಾಳಗಳನ್ನು ನಮಗೆ ದಾನ ಕೊಟ್ಟಿತು. ಬೈಹುಲ್ಲು ತುಂಬಿದ ಪೆಟ್ಟಿಗೆಯೊಳಗೆ ಅವನ್ನು ಇಟ್ಟುಕೊಂಡು ಬಸ್‌ಸ್ಟ್ಯಾಂಡಿಗೆ ಬಂದೆ. ಒಡೆಯುವ ಸಾಮಾನು. ಕುಳಿತುಕೊಳ್ಳಲು ಜಾಗ ಬೇಕೇ ಬೇಕು. ಬಸ್ ಬಂದಾಗ ಕಂಡಕ್ಟರನ್ನು ಮೊದಲೇ ವಿಚಾರಿಸಿದೆ.

"ಹತ್ತಿ ಮಾಸ್ಟ್ರೆ, ಫುಲ್ ಖಾಲಿ ಉಂಟು."

ಹತ್ತಿದೆ. ಒಂದು ಕಾಲಿಗೆ ಮಾತ್ರ ಜಾಗ ಸಿಕ್ಕಿತು. ಪೆಟ್ಟಿಗೆ ತಲೆಯ ಮೇಲೆ ಹೋಯಿತು. ವೇಣೂರು ಬರುವಾಗ ತಾಳ್ಮೆ ಮುಗಿದು, ಖಾಲಿ ಎಂದರೆ ಇದಾ ಎಂದು ಕೇಳಿದೆ. ಅವನು ಟಿಕೆಟ್ ಹರಿಯುತ್ತಲೇ ಬಸ್ಸಿನ ಚಾವಣಿಯತ್ತ ಗದ್ದ ಎತ್ತಿದ.

"ಟಾಪ್ ಫುಲ್ ಖಾಲಿ ಮಾರಾಯ್ರೆ. ಮಳೆ ಅಂತ ಒಬ್ಬನೂ ಹತ್ತಿಲ್ಲ."

ಕಂಪ್ಲೀಟ್

ಮೇಜುಗಳ ಕೆಲಸವನ್ನು ಬಂಟ್ವಾಳದ ಒಬ್ಬ ಆಚಾರಿಗೆ ವಹಿಸಿದ್ದೆವು. ಜುಲೈ ಇಡೀ ಅವರು ಬಸ್ಸಿನವರ ಹತ್ತಿರ ಒಂದೇ ಸುದ್ದಿ ಹೇಳಿ ಕಳಿಸಿದರು: ಕೆಲಸ ಕಂಪ್ಲೀಟ್. ಮೇಜು ಮಾತ್ರ ಬರಲಿಲ್ಲ. ಒಂದು ಶನಿವಾರ ಮಧ್ಯಾಹ್ನ ನಾನೇ ಹೋದೆ. ಆಚಾರಿ ಬಹಳ ಗೌರವದಿಂದ ಕೂರಿಸಿ, ಚಾ ತರಿಸಿ, ಮತ್ತೊಮ್ಮೆ ಕಂಪ್ಲೀಟ್ ಎಂದರು. ನೋಡಬಹುದಾ ಎಂದೆ. ಗೋಡೆಗೆ ಒರಗಿಸಿದ್ದ ನಾಲ್ಕು ಹಲಸಿನ ಹಲಗೆ ತೋರಿಸಿದರು. ಚೆನ್ನಾಗಿ ಉಜ್ಜಿದ್ದರು, ಸುಳ್ಳು ಹೇಳಬಾರದು.

"ಇದು ಹಲಗೆ ಅಲ್ವಾ ಆಚಾರ್ರೆ?"

"ಹೌದು. ಎಲ್ಲ ಕಂಪ್ಲೀಟ್ ಆಗಿದೆ. ಇನ್ನು ಮೇಜು ಮಾಡ್ಲಿಕ್ಕೆ ಮಾತ್ರ ಬಾಕಿ."

ಟೋಟಲ್

ನೀರಿನ ನಲ್ಲಿ ಸೋರುತ್ತಿತ್ತು. ಪೈಪಿನವನು ಬಂದು ಇಡೀ ದಿನ ಬಡಿದು, ಸಂಜೆ ಲೀಕ್ ಟೋಟಲ್ ನಿಂತಿದೆ ಎಂದು ಹೇಳಿ ಹೊರಟ. ನಾನು ನಲ್ಲಿ ತಿರುಗಿಸಿದೆ. ಹನಿ ನೀರಿಲ್ಲ. ಗೇಟಿನ ತನಕ ಓಡಿಹೋಗಿ ಅವನನ್ನು ಹಿಡಿದೆ. ನಲ್ಲಿಯಲ್ಲಿ ನೀರೇ ಬರುವುದಿಲ್ಲವಲ್ಲ ಎಂದೆ. ಅವನಿಗೆ ನನ್ನ ಬಿ.ಎಸ್ಸಿ. ಮೇಲೆ ಸಂಶಯ ಬಂದಂತಿತ್ತು.

"ನೀರು ಬಂದ್ರೆ ಲೀಕ್ ಆಗ್ತದಲ್ಲ ಮಾಸ್ಟ್ರೆ."

ಆಬ್ಸಲ್ಯೂಟ್

ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರು ಪಾನನಿರೋಧದ ಭಾಷಣಗಳಿಗೆ ಹೆಸರಾದವರು. ತಪಾಸಣೆಗೆ ಎರಡು ದಿನ ಇರುವಾಗ ಪ್ರಯೋಗಾಲಯ ನೋಡಲು ಬಂದರು. ಕಪಾಟಿನಲ್ಲಿ ಆಬ್ಸಲ್ಯೂಟ್ ಆಲ್ಕೋಹಾಲ್ ಎಂದು ಬರೆದ ಬಾಟಲಿ ಅವರ ಕಣ್ಣಿಗೆ ಬಿತ್ತು. ಎಲೆಯ ಹಸುರು ತೆಗೆದು ತೋರಿಸುವ ಪ್ರಯೋಗಕ್ಕೆ ಅದು ಬೇಕು ಎಂದೆ. ಅವರಿಗೆ ಎಲೆಯ ಚಿಂತೆ ಇರಲಿಲ್ಲ.

"ಆಲ್ಕೋಹಾಲ್ ನನಗೆ ಗೊತ್ತುಂಟು. ಆಬ್ಸಲ್ಯೂಟ್ ಅಂದರೆ?"

ಶುದ್ಧ ಎಂದೆ. ಅವರ ಮುಖ ಬಿಗಿಯಿತು. ನೀರು ಬೆರೆಸದ್ದು ಎಂದು ವಿವರಿಸಿದೆ. ಇನ್ನೂ ಬಿಗಿಯಿತು. ಪೂರ್ತಿ ನೀರಿಲ್ಲ ಎಂದೂ ಹೇಳಲಾಗದು, ತೀರಾ ಅಲ್ಪ ಇರುತ್ತದೆ ಎಂದು ಸತ್ಯ ಹೇಳಿದೆ. ಹೆಡ್‌ಮಾಸ್ಟರು ನನ್ನ ಅಂಗಿ ಹಿಡಿದು ಹಿಂದಕ್ಕೆ ಎಳೆದರು. ಅಧ್ಯಕ್ಷರು ಸ್ವಲ್ಪ ಹೊತ್ತು ಯೋಚಿಸಿ, ಶಾಲೆಯ ಮರ್ಯಾದೆಯೂ ವಿಜ್ಞಾನವೂ ಉಳಿಯುವಂಥ ದಾರಿ ಕಂಡುಹಿಡಿದರು.

"ಅರ್ಧಕ್ಕರ್ಧ ನೀರು ಹಾಕಿ ಇಡಿ."

ಖಾಯಂ

ಅಧಿಕಾರಿ ಬೆಳ್ತಂಗಡಿಯಲ್ಲಿ ಒಂದು ಮೀಟಿಂಗ್ ಮುಗಿಸಿ, ಊಟ ಮಾಡಿ ಬಂದರು. ಮೇಜುಗಳು ಆಗಲೂ ಬಂದಿರಲಿಲ್ಲ. ಹಲಗೆಗಳನ್ನು ತರಿಸಿ ತರಗತಿಯ ಬೆಂಚುಗಳ ಮೇಲಿಟ್ಟು, ಹೆಡ್‌ಮಾಸ್ಟರರ ಮನೆಯಿಂದ ತಂದ ಬಿಳಿ ಬೆಡ್‌ಶೀಟು ಹಾಸಿದ್ದೆವು. ಅಧಿಕಾರಿ ಕೇಳುವ ಮೊದಲೇ ಹೆಡ್‌ಮಾಸ್ಟರು ನೂರಕ್ಕೆ ನೂರು ಮುಗಿದಿದೆ ಎಂದರು. ಅಧಿಕಾರಿ ಹಲಗೆಯ ಈ ತುದಿಗೆ ಕೈ ಊರಿದರು. ಆ ತುದಿ ಎದ್ದಿತು. ಬೀಕರುಗಳು ಸಾಲಾಗಿ ಅವರತ್ತ ಜಾರಿದವು. ನಾನು ಎರಡನ್ನು ಹಿಡಿದೆ, ಅವರು ಒಂದನ್ನು ಹಿಡಿದರು. ಉಳಿದವು ಹೋದವು.

ನನ್ನ ಕಣ್ಣ ಮುಂದೆ ಅಣ್ಣನ ಕತ್ತಿ ಬಂತು.

ಅಧಿಕಾರಿ ಕೈಯಲ್ಲಿದ್ದ ಬೀಕರನ್ನು ತಿರುಗಿಸಿ ನೋಡಿದರು. ಹೆಚ್ಚಿನ ಶಾಲೆಗಳಲ್ಲಿ ಒಡೆಯಲಿಕ್ಕೂ ಏನೂ ಇರುವುದಿಲ್ಲ, ಇಲ್ಲಿ ಪರವಾಗಿಲ್ಲ ಎಂದರು. ಮತ್ತೆ ನನ್ನ ಕಡೆ ತಿರುಗಿ, ನಿಮ್ಮ ಹುದ್ದೆ ಖಾಯಂ ಮಾಡಿದ್ದೇನೆ ಎಂದರು. ಹೆಡ್‌ಮಾಸ್ಟರು ನನ್ನ ಕೈ ಕುಲುಕಿದರು. ಇನ್ನು ನಿಮ್ಮನ್ನು ಅಲ್ಲಾಡಿಸುವವರಿಲ್ಲ ಎಂದೂ ಹೇಳಿದರು.

ಅಲ್ಲಿಗೆ ಸುಮ್ಮನಿರಬೇಕಿತ್ತು. ಆದರೆ ಎರಡು ತಿಂಗಳಿಂದ ಇಂಥವೇ ಮಾತು ಕೇಳಿದವನು ನಾನು.

"ಖಾಯಂ ಅಂದರೆ ಯಾವಾಗಿನ ತನಕ ಸರ್?"

ಹೆಡ್‌ಮಾಸ್ಟರು ನನ್ನ ಕಾಲು ತುಳಿದರು. ಅಧಿಕಾರಿಗೆ ಬೇಸರವಾಗಲಿಲ್ಲ. ಅವರಿಗೆ ಅದು ಸಹಜವಾದ ಪ್ರಶ್ನೆಯೇ.

"ಮಾರ್ಚ್ ತನಕ. ಜೂನ್‌ನಲ್ಲಿ ಪುನಃ ಖಾಯಂ ಮಾಡುವ."

ಹಾಗೆಯೇ ಮಾಡಿದರು. ಆ ಶಾಲೆಯಲ್ಲಿ ನಾನು ಖಾಯಂ ಆದದ್ದು ಒಟ್ಟು ಆರು ಸಲ.